ಲಾಳಿ, ರನ್‌ವೇ ಮತ್ತು ಜಡತ್ವ

ನ್ಯೂಟನ್‌ನ ಮೂರು ನಿಯಮಗಳನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ನಾವು ತಪ್ಪಿಲ್ಲದೆ ಹೇಳ್ತೀವಿ. ಆದರೆ ಇಂಗ್ಲಿಷ್‌ನಲ್ಲಿ ಮಾತ್ರ. ಇದು ನಮಗೆ ಗೊತ್ತಾಗಿದ್ದು ಕಳೆದ ರಜೆಯಲ್ಲಿ, ಮೊಳಕಾಲ್ಮೂರಿನಲ್ಲಿ. ನಾವು ಮೂವರು ರೂಮ್‌ಮೇಟ್‌ಗಳಲ್ಲಿ ಒಬ್ಬನ ಊರು ಅದು. ಅವನ ತಾತ ರೇಷ್ಮೆ ಸೀರೆ ನೇಯುವವರು, ಮನೆಯೊಳಗೇ ಮಗ್ಗ ಇದೆ. ಊಟ ಆದಮೇಲೆ ತಾತನಿಗೆ ಫೋನ್‌ನಲ್ಲಿ ಇಸ್ರೋದ ‘ಪುಷ್ಪಕ್’ ಚಳ್ಳಕೆರೆಯಲ್ಲಿ ಇಳಿದ ವಿಡಿಯೋ ತೋರಿಸಿದೆವು. ರೆಕ್ಕೆ ಇರುವ ಪುಟ್ಟ ವಾಹನ, ಎಂಜಿನ್ ಇಲ್ಲ, ಹೆಲಿಕಾಪ್ಟರ್ ಮೇಲಿಂದ ಬಿಟ್ಟಿತು, ತಾನೇ ಬಂದು ರನ್‌ವೇ ಮೇಲೆ ಇಳೀತು ಅಂತ ಭಾರೀ ಉತ್ಸಾಹದಲ್ಲಿ ಹೇಳಿದೆವು.

ತಾತ ಎರಡು ಸಲ ನೋಡಿದರು. ಆಮೇಲೆ ಕೇಳಿದರು: “ಎಂಜಿನ್ನೇ ಇಲ್ಲ ಅಂತೀರಾ. ಹಂಗಾದ್ರೆ ಬಿಟ್ಟ ಮ್ಯಾಲೆ ಅದನ್ನ ಯಾರಪ್ಪಾ ಮುಂದಕ್ಕೆ ತಳ್ಳಿದ್ದು? ಇನ್ನೂ ಮ್ಯಾಲಕ್ಕೆ ಹೋದ್ರೆ ಗಾಳಿನೇ ಇಲ್ವಂತೆ, ಅಲ್ಲಿ ರಾಕೆಟ್ಟು ಏನನ್ನ ಒದ್ದು ಹೋಗ್ತೈತೆ?”

“ಇನರ್ಷಿಯಾ, ತಾತ.”

“ಅಂದ್ರೆ?”

ಮೂವರೂ ಮುಖ ಮುಖ ನೋಡ್ಕೊಂಡೆವು. ಒಳಗಿಂದ ಗೆಳೆಯನ ತಂಗಿ, ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸು, ಕೂಗಿ ಹೇಳಿದಳು: “ಜಡತ್ವ ಕಣ್ ತಾತ!” ತಾತ ನಕ್ಕರು. “ಜಡ ಅಂದ್ರೆ ಸೋಮಾರಿ ಅಲ್ವೇ? ಅಷ್ಟು ಜೋರಾಗಿ ಬರೋದನ್ನ ಜಡ ಅಂತೀರಲ್ಲೋ!”

ಈ ಲೇಖನ ಆ ನಗುವಿಗೆ ನಾವು ತಡವಾಗಿ ಕೊಡ್ತಿರೋ ಉತ್ತರ.

ತಾತನ ತಕರಾರಿನಲ್ಲಿ ನ್ಯಾಯ ಇದೆ. ಜಡ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಬಿದ್ದಲ್ಲೇ ಬಿದ್ದಿರುವ ವಸ್ತು. ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇರುವ ಬಂಡೆ ಇದೆಯಲ್ಲ, ಎರಡು ಸಾವಿರಕ್ಕೂ ಹೆಚ್ಚು ವರ್ಷದಿಂದ ಕದಲದೆ ಕೂತಿದೆ, ಅದು ಜಡತ್ವ. ಸರಿ. ಆದರೆ ಇದು ಅರ್ಧ ಮಾತ್ರ. ನಿಂತದ್ದು ನಿಂತೇ ಇರುತ್ತದೆ ಅನ್ನುವಷ್ಟೇ ಗಟ್ಟಿಯಾಗಿ, ಓಡುತ್ತಿರುವುದು ಅದೇ ವೇಗದಲ್ಲಿ, ಅದೇ ದಿಕ್ಕಿಗೆ ಓಡುತ್ತಲೇ ಇರುತ್ತದೆ ಅನ್ನುತ್ತದೆ ಮೊದಲನೇ ನಿಯಮ. ಹೊರಗಿನಿಂದ ಬಲ ಬೀಳುವ ತನಕ ವಸ್ತು ತನ್ನ ಸ್ಥಿತಿ ಬಿಟ್ಟುಕೊಡುವುದಿಲ್ಲ. ಸೋಮಾರಿತನಕ್ಕಿಂತ ‘ಹಠ’ ಅಂದರೆ ಹತ್ತಿರ ಬರುತ್ತದೇನೋ. ಎಂಜಿನ್ ಬೇಕಾಗುವುದು ಓಡುವುದಕ್ಕಲ್ಲ, ಓಟವನ್ನು ಬದಲಿಸುವುದಕ್ಕೆ.

ಇದು ನಮಗೆ ನಂಬಿಕೆ ಬರದೇ ಇರುವುದಕ್ಕೆ ಕಾರಣ ನಾವು ಭೂಮಿ ಮೇಲೆ ಬೆಳೆದದ್ದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ನೋಡಿದವರಿಗೆ ಗೊತ್ತು. ನಿಂತ ತೇರನ್ನು ಕದಲಿಸೋಕೆ ಊರೆಲ್ಲ ಹಗ್ಗ ಹಿಡೀಬೇಕು, ಎಳೆಯೋದು ಬಿಟ್ಟರೆ ನಿಂತುಬಿಡುತ್ತದೆ. ಅದನ್ನು ನೋಡಿ ‘ಎಳೆಯುತ್ತಿದ್ದರೆ ಮಾತ್ರ ಚಲನೆ’ ಅಂತ ಯಾರಿಗಾದರೂ ಅನ್ನಿಸುತ್ತದೆ. ಅರಿಸ್ಟಾಟಲ್‌ಗೂ ಹಾಗೇ ಅನ್ನಿಸಿತ್ತು. ಆದರೆ ತೇರು ನಿಲ್ಲುವುದು ತಾನಾಗಿ ಅಲ್ಲ. ಗಾಲಿ, ಅಚ್ಚು, ಮಣ್ಣು ಸೇರಿ ಅದನ್ನು ನಿಲ್ಲಿಸುತ್ತವೆ. ಅಷ್ಟಾದರೂ ಒಮ್ಮೆ ಹೊರಟ ತೇರನ್ನು ಬೇಕಾದ ಜಾಗದಲ್ಲಿ ನಿಲ್ಲಿಸಬೇಕಾದರೆ ಗಾಲಿಗೆ ಮರದ ತುಂಡು ಕೊಡುವವರು ಜೀವ ಕೈಯಲ್ಲಿ ಹಿಡಿದು ನಿಂತಿರಬೇಕು. ಆ ಮರದ ತುಂಡಿನ ಮೇಲೆ ಬೀಳುತ್ತದಲ್ಲ, ಅದು ಜಡತ್ವದ ಉಳಿದ ಅರ್ಧ.

ನಾವು ಇಷ್ಟು ಹೇಳುವ ಹೊತ್ತಿಗೆ ತಾತ ಮಗ್ಗದ ಮುಂದೆ ಕೂತಾಗಿತ್ತು. ಲಾಳಿ ಕೈಗೆ ತಗೊಂಡು “ಹಿಂಗೇನು?” ಅಂತ ಎಸೆದರು. ಹಾಸಿನ ಎಳೆಗಳ ನಡುವೆ ಅದು ಜಾರಿಕೊಂಡು ಆಚೆ ಹೋಯಿತು. ಆಚೆ ಕೈ ಹಿಡಿಯಿತು. ನಡುವೆ ಅದನ್ನು ಯಾರೂ ಮುಟ್ಟಲಿಲ್ಲ. ಎಸೆಯುವಾಗ ಒಂದು ಬಲ, ಹಿಡಿಯುವಾಗ ಇನ್ನೊಂದು ಬಲ, ನಡುವಿನ ಹಾದಿಯೆಲ್ಲ ಜಡತ್ವ. ಮೆಲ್ಲಗೆ ಎಸೆದರೆ ಎಳೆಗಳ ಉಜ್ಜಾಟಕ್ಕೆ ನಡುವೆಯೇ ನಿಂತುಬಿಡುತ್ತದೆ, ಜೋರಾಗಿ ಎಸೆದರೆ ಹಿಡಿತ ತಪ್ಪಿ ನೂಲು ಸಡಿಲ ಆಗುತ್ತದೆ. “ಕಳಿಸೋದು ಸುಲಭ ಕಣಪ್ಪಾ, ಹಿಡಿಯೋದೇ ಕೆಲಸ” ಅಂದರು ತಾತ. ಬಾಹ್ಯಾಕಾಶ ಯಾನದ ಬಗ್ಗೆ ನಾವು ಓದಿದ್ದರಲ್ಲಿ ಇದಕ್ಕಿಂತ ಸರಿಯಾದ ಮಾತು ಕಡಿಮೆ.

ಈಗ ತಾತನ ಎರಡನೇ ಪ್ರಶ್ನೆ, ಗಾಳಿ ಇಲ್ಲದ ಕಡೆ ರಾಕೆಟ್ ಏನನ್ನು ಒದೆಯುತ್ತದೆ? ಇದನ್ನು ಕೇಳಿ ನಗಬೇಡಿ. ನಮ್ಮ ಹಾಸ್ಟೆಲ್ಲಿನಲ್ಲೇ ಕೇಳಿ ನೋಡಿ, ಅರ್ಧ ಜನ ‘ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ’ ಅನ್ನುತ್ತಾರೆ.

ಚಳ್ಳಕೆರೆ ಅಂದಮೇಲೆ ಶೇಂಗಾ ಬರಲೇಬೇಕು. ಸ್ಪೇಸ್ ಸೂಟ್ ಹಾಕಿಕೊಂಡು ನೂರು ಕೆ.ಜಿ. ಇರುವ ನೀವು ನಡು ಬಾಹ್ಯಾಕಾಶದಲ್ಲಿ ಕದಲದೆ ತೇಲುತ್ತಿದ್ದೀರಿ. ಮೂವತ್ತು ಮೀಟರ್ ದೂರದಲ್ಲಿ ನಿಮ್ಮ ನೌಕೆ. ಈಜಿದರೆ ಪ್ರಯೋಜನ ಇಲ್ಲ, ಕೈಕಾಲು ಬಡಿಯೋಕೆ ಅಲ್ಲಿ ಏನೂ ಇಲ್ಲ. ಕೈಯಲ್ಲಿ ಒಂದು ಕೆ.ಜಿ. ಶೇಂಗಾ ಚೀಲ ಇದೆ. ಅದನ್ನು ನೌಕೆಗೆ ವಿರುದ್ಧ ದಿಕ್ಕಿಗೆ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆಯಿರಿ. ನೀವು ಚೀಲವನ್ನು ತಳ್ಳಿದಷ್ಟೇ ಚೀಲ ನಿಮ್ಮನ್ನು ತಳ್ಳುತ್ತದೆ, ಇದು ಮೂರನೇ ನಿಯಮ. ನೀವು ಅದಕ್ಕಿಂತ ನೂರು ಪಟ್ಟು ಭಾರ, ಹಾಗಾಗಿ ನಿಮಗೆ ಸಿಗುವ ವೇಗ ಅದರ ನೂರನೇ ಒಂದು ಪಾಲು, ಸೆಕೆಂಡಿಗೆ 10 ಸೆಂಟಿಮೀಟರ್. ಐದು ನಿಮಿಷಕ್ಕೆ ನೌಕೆ ಹತ್ತಿರ ಇರುತ್ತೀರಿ. ಗಾಳಿಯ ಹಂಗೇ ಬೇಕಿಲ್ಲ. ನೀವು ಒದ್ದದ್ದು ಚೀಲವನ್ನು.

ರಾಕೆಟ್ ಮಾಡುವುದೂ ಇಷ್ಟೇ, ಶೇಂಗಾ ಬದಲು ಬಿಸಿ ಅನಿಲ, ಅದೂ ಸೆಕೆಂಡಿಗೆ ಮೂರು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ. ತಾನು ಒದೆಯಬೇಕಾದ್ದನ್ನೆಲ್ಲ ತಾನೇ ಹೊತ್ತುಕೊಂಡು ಹೋಗಬೇಕು ಅನ್ನುವುದೇ ಕಷ್ಟ. ಪಿಎಸ್‌ಎಲ್‌ವಿ ಎಕ್ಸ್‌ಎಲ್ ಹೊರಡುವಾಗ 320 ಟನ್ ಇರುತ್ತದೆ. ಅದು 600 ಕಿ.ಮೀ. ಎತ್ತರದ ಧ್ರುವ ಕಕ್ಷೆಗೆ ತಲುಪಿಸುವುದು 1,750 ಕೆ.ಜಿ. ಮಿಕ್ಕಿದ್ದರಲ್ಲಿ ಬಹುಪಾಲು ಹಿಂದಕ್ಕೆ ಎಸೆದ ‘ಶೇಂಗಾ’.

ಇಲ್ಲೊಂದು ಎಡವಟ್ಟು ಇದೆ, ಗಮನಿಸಿದಿರಾ? ನೌಕೆ ಹತ್ತಿರ ಬಂದಿರಿ ಸರಿ, ನಿಲ್ಲೋದು ಹೇಗೆ? ಅಲ್ಲಿ ಮಣ್ಣಿಲ್ಲ, ಗಾಳಿಯಿಲ್ಲ. ಇನ್ನೊಂದು ಚೀಲ ಇದ್ದರೆ ಮುಂದಕ್ಕೆ ಎಸೆದು ನಿಲ್ಲಬಹುದು. ಇಲ್ಲದಿದ್ದರೆ ನೌಕೆಗೆ ಹೋಗಿ ಡಿಕ್ಕಿ ಹೊಡೀಬೇಕು, ಅಥವಾ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಗುತ್ತಲೇ ಇರಬೇಕು.

ಇದು ಬರೀ ಕಲ್ಪನೆ ಅಲ್ಲ. 2024ರ ಡಿಸೆಂಬರ್ 30ರಂದು ಇಸ್ರೋ ‘ಸ್ಪೇಡೆಕ್ಸ್’ ಅನ್ನುವ ಎರಡು ಉಪಗ್ರಹಗಳನ್ನು ಹಾರಿಸಿತು. ತಲಾ ಸುಮಾರು 220 ಕೆ.ಜಿ., ಎತ್ತರ 475 ಕಿ.ಮೀ., ಎರಡೂ ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ನಾಲ್ಕೇ ಸೆಕೆಂಡು! ಅವು ಒಂದಕ್ಕೊಂದು ಸೇರಿಕೊಳ್ಳಬೇಕಿತ್ತು. ಜನವರಿಯಲ್ಲಿ ಹತ್ತಿರ ತರುವಾಗ, ಉಪಗ್ರಹಗಳು ನೆಲದ ಕೇಂದ್ರಗಳ ಕಣ್ಣಿಗೆ ಬೀಳದ ಹೊತ್ತಿನಲ್ಲಿ, ಎಣಿಸಿದ್ದಕ್ಕಿಂತ ಹೆಚ್ಚು ಸರಿದುಬಿಟ್ಟವು. ಜೋಡಣೆ ಮುಂದೂಡಬೇಕಾಯಿತು. ಒಂದು ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರ್ ತಪ್ಪು ವೇಗ ಉಳಿದುಕೊಂಡಿತು ಅಂತಿಟ್ಟುಕೊಳ್ಳೋಣ. ಇರುವೆ ನಡಿಗೆ. ಆದರೆ ತಡೆಯುವವರು ಯಾರೂ ಇಲ್ಲ, ಗಂಟೆಗೆ 36 ಮೀಟರ್, ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. (ನಿಜವಾದ ಕಕ್ಷೆಯಲ್ಲಿ ಗುರುತ್ವ ಸೇರಿಕೊಂಡು ದಾರಿ ಬಾಗುತ್ತದೆ, ಲೆಕ್ಕ ಇನ್ನೂ ಸಿಕ್ಕಾಗುತ್ತದೆ. ಅದು ಏರೋಸ್ಪೇಸ್‌ನವರ ತಲೆನೋವು.) ಕೊನೆಗೆ 2025ರ ಜನವರಿ 16ರಂದು ಅವು ಸೇರಿದವು. ಸೇರುವಾಗ ಒಂದರ ಕಡೆ ಇನ್ನೊಂದು ಹೋಗಬೇಕಿದ್ದ ವೇಗ ಸೆಕೆಂಡಿಗೆ 10 ಮಿಲಿಮೀಟರ್ ಮಟ್ಟದ್ದು. ನೆಲಕ್ಕೆ ಹೋಲಿಸಿದರೆ 7.6 ಕಿಲೋಮೀಟರ್, ಒಂದಕ್ಕೊಂದು ಹೋಲಿಸಿದರೆ ಒಂದು ಸೆಂಟಿಮೀಟರ್. ಹಿಡಿಯುವ ಕೆಲಸ ಅಂದರೆ ಇದು.

ಗುರುತ್ವ ಅಂದೆವಲ್ಲ, ‘ಮೇಲೆ ಗುರುತ್ವ ಇಲ್ಲ, ಅದಕ್ಕೆ ತೇಲುತ್ತಾರೆ’ ಅನ್ನುವುದು ಇನ್ನೊಂದು ಜನಪ್ರಿಯ ತಪ್ಪು. 475 ಕಿ.ಮೀ. ಎತ್ತರದಲ್ಲಿ g ಬೆಲೆ 8.5. ಇಲ್ಲಿಯ 9.8ರಲ್ಲಿ ಶೇಕಡಾ 87ರಷ್ಟು ಅಲ್ಲೂ ಇದೆ. ಉಪಗ್ರಹ ಬೀಳುತ್ತಲೇ ಇರುತ್ತದೆ. ಆದರೆ ಜಡತ್ವ ಅದನ್ನು ನೇರ ಮುಂದಕ್ಕೆ ಒಯ್ಯುತ್ತಿರುತ್ತದೆ, ಗುರುತ್ವ ಆ ನೇರ ದಾರಿಯನ್ನು ಬಗ್ಗಿಸುತ್ತದೆ, ಭೂಮಿಯೂ ಅಷ್ಟೇ ಬಾಗಿರುತ್ತದೆ. ನೆಲದ ಹತ್ತಿರದ ಲೆಕ್ಕ ನೆನಪಿಡೋಕೆ ಸುಲಭ. ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ, 8 ಕಿಲೋಮೀಟರ್ ಹೋದರೆ ಭೂಮಿಯ ಮೈಯೂ 5 ಮೀಟರ್ ಬಾಗುತ್ತದೆ. ಸೆಕೆಂಡಿಗೆ 8 ಕಿ.ಮೀ. ಹೋಗುವವನಿಗೆ ನೆಲ ಸಿಗುವುದೇ ಇಲ್ಲ. ಒಮ್ಮೆ ಆ ವೇಗ ಕೊಟ್ಟಮೇಲೆ ಎಂಜಿನ್ ಆರಿಸಿಬಿಡಬಹುದು.

ಹಾಗಾದರೆ ವಾಪಸ್ ಬರಬೇಕೆಂದರೆ? ಕೊಟ್ಟ ವೇಗವನ್ನೆಲ್ಲ ಯಾರಿಗಾದರೂ ದಾಟಿಸಬೇಕು. ಚಂದ್ರನ ಮೇಲೆ ಗಾಳಿ ಇಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಸೆಕೆಂಡಿಗೆ 1.68 ಕಿ.ಮೀ. ವೇಗದಿಂದ ಸೊನ್ನೆಗೆ ಇಳಿದದ್ದು ಪೂರ್ತಿ ತನ್ನ ಎಂಜಿನ್‌ಗಳಿಂದಲೇ, ಅಂದರೆ ಹೊತ್ತು ತಂದ ಚೀಲಗಳನ್ನು ಮುಂದಕ್ಕೆ ಎಸೆದೇ. ಭೂಮಿಗೆ ಬರುವವರಿಗೆ ಆ ಖರ್ಚು ಉಳಿಯುತ್ತದೆ, ಗಾಳಿ ಪುಕ್ಕಟೆ ಬ್ರೇಕ್. ಪುಕ್ಕಟೆ ಅಂದರೂ ಬಿಸಿ ಇದೆ. 7.6 ಕಿ.ಮೀ. ವೇಗದಲ್ಲಿ ಬರುವ ನೌಕೆಯ ಪ್ರತಿ ಕೆ.ಜಿ.ಯಲ್ಲೂ ಇರುವ ಚಲನ ಶಕ್ತಿ ಸುಮಾರು 29 ಮೆಗಾಜೂಲ್, ಹನ್ನೊಂದು ಲೀಟರ್ ತಣ್ಣೀರನ್ನು ಕಾಯಿಸಿ ಪೂರ್ತಿ ಆವಿ ಮಾಡುವಷ್ಟು.

ಈ ಹಾದಿಯನ್ನು ರೆಕ್ಕೆ ಇರುವ ವಾಹನದಲ್ಲಿ ಇಳಿದು, ಅದೇ ವಾಹನವನ್ನು ಮತ್ತೆ ಬಳಸಬೇಕು ಅನ್ನುವುದು ಇಸ್ರೋದ ಮರುಬಳಕೆ ವಾಹನದ ಯೋಜನೆ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಮಾದರಿ 65 ಕಿ.ಮೀ. ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ, ಬಂಗಾಳ ಕೊಲ್ಲಿಯ ಮೇಲೆ ‘ಇಳಿಯಿತು’. ಇಳಿಯೋಕೆ ಅಲ್ಲಿ ರನ್‌ವೇ ಇರಲಿಲ್ಲ. ರನ್‌ವೇ ಪಾಠ ನಡೆದದ್ದು ಚಳ್ಳಕೆರೆಯ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ, ಮೂರು ಸಲ: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಮೂರು ಸಲವೂ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಹೊಟ್ಟೆಯಡಿ ನೇತುಹಾಕಿಕೊಂಡು ಸಮುದ್ರ ಮಟ್ಟದಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ, ರನ್‌ವೇಯಿಂದ ನಾಲ್ಕೈದು ಕಿ.ಮೀ. ದೂರದಲ್ಲಿ ಬಿಟ್ಟಿತು. ಎರಡನೇ ಸಲ ಬೇಕಂತಲೇ 150 ಮೀಟರ್ ಪಕ್ಕಕ್ಕೆ, ಮೂರನೇ ಸಲ 500 ಮೀಟರ್ ಪಕ್ಕಕ್ಕೆ, ಗಾಳಿಯೂ ಜೋರಿದ್ದಾಗ. ಎರಡನೇ ಸಲ ಇಳಿದ ಮೈಯನ್ನೇ ಮೂರನೇ ಸಲವೂ ಬಳಸಿದರು.

ತಾತನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿಟ್ಟಮೇಲೆ ತಳ್ಳಿದ್ದು ಭೂಮಿಯ ಎಳೆತ. ರೆಕ್ಕೆಗಳು ಆ ಬೀಳುವಿಕೆಯನ್ನು ಮುಂದಕ್ಕೆ ತಿರುಗಿಸಿದವು, ಅಷ್ಟೇ. ಗುಡ್ಡದಿಂದ ಸೈಕಲ್ ಇಳಿದ ಹಾಗೆ. ಆದರೆ ಎಷ್ಟು ಕಡಿದಾದ ಗುಡ್ಡ ನೋಡಿ. ಚಳ್ಳಕೆರೆಯ ನೆಲವೇ ಸಮುದ್ರ ಮಟ್ಟದಿಂದ ಆರುನೂರು ಮೀಟರ್ ಆಸುಪಾಸಿನಲ್ಲಿದೆ, ಅಂದರೆ ನಾಲ್ಕೂವರೆ ಕಿ.ಮೀ. ಮುಂದೆ ಬರುವಷ್ಟರಲ್ಲಿ ನಾಲ್ಕು ಕಿ.ಮೀ. ಹತ್ತಿರ ಕೆಳಗೆ. ಗಾಳಿಯೇ ಇಲ್ಲದಿದ್ದರೆ ಅಷ್ಟು ಎತ್ತರದಿಂದ ಬಿದ್ದದ್ದು ಗಂಟೆಗೆ ಸುಮಾರು ಸಾವಿರ ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. ಪುಷ್ಪಕ್ ಮುಟ್ಟಿದ್ದು 320 ದಾಟಿದ ವೇಗದಲ್ಲಿ. ಶಕ್ತಿಯ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಗಾಳಿ ಆಗಲೇ ತಿಂದಿತ್ತು. ಆದರೂ 320 ಸಣ್ಣದಲ್ಲ, ಪ್ರಯಾಣಿಕರ ವಿಮಾನ ಇಳಿಯುವುದು 260ರಲ್ಲಿ, ಫೈಟರ್ 280ರಲ್ಲಿ. ಮೇಲಿನ ಬಿಸಿ ತಾಳಲು ಬೇಕಾದ ಮೊಂಡು ಮೂತಿ, ಗಿಡ್ಡ ರೆಕ್ಕೆ ನಿಧಾನವಾಗಿ ತೇಲಿಕೊಂಡು ಇಳಿಯೋಕೆ ಒಗ್ಗುವುದಿಲ್ಲ, ಹಾಗಾಗಿ ವೇಗವಾಗಿಯೇ ಇಳೀಬೇಕು. ಗಾಲಿ ನೆಲ ಮುಟ್ಟಿದ ಮೇಲೆ ಹಿಂದಿನಿಂದ ಬ್ರೇಕ್ ಪ್ಯಾರಾಶೂಟ್ ಬಿಚ್ಚಿಕೊಂಡು ವೇಗ ನೂರಕ್ಕೆ ಇಳಿಯುತ್ತದೆ, ಅಲ್ಲಿಂದ ಮುಂದೆ ಗಾಲಿಯ ಬ್ರೇಕು.

ಪೈಲಟ್ ಇಲ್ಲದೆ ಇದಕ್ಕೆಲ್ಲ ದಾರಿ ಗೊತ್ತಾಗುವುದು ಹೇಗೆ? ನಾವಿಕ್ ಉಪಗ್ರಹಗಳ ರಿಸೀವರ್, ರೇಡಾರ್ ಆಲ್ಟಿಮೀಟರ್ ಎಲ್ಲ ಇವೆ. ಅವುಗಳ ಜೊತೆ ಇರುವ ಇನರ್ಷಿಯಲ್ ಸೆನ್ಸರ್ ನಮಗೆ ಬಹಳ ಇಷ್ಟ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ನಿಂತೇ ಬಂದೆವು. ಕಿಟಕಿ ಕಾಣದಿದ್ದರೂ ಡ್ರೈವರ್ ಬ್ರೇಕ್ ಹಾಕಿದ್ದು, ತಿರುವು ತಗೊಂಡದ್ದು ನಮ್ಮ ಮೈಗೆ ಗೊತ್ತಾಗುತ್ತಿತ್ತು, ಮುಂದಿನವರ ಕಾಲು ತುಳಿದಾಗ ಅವರಿಗೂ ಗೊತ್ತಾಗುತ್ತಿತ್ತು. ಬಸ್ಸಿನ ವೇಗ ಬದಲಾದರೂ ನಮ್ಮ ಮೈ ಹಳೆಯ ವೇಗದ ಹಠ ಬಿಡುವುದಿಲ್ಲವಲ್ಲ, ಆ ವ್ಯತ್ಯಾಸವನ್ನು ಅಳೆದರೆ ವೇಗ ಎಷ್ಟು ಬದಲಾಯಿತು ಗೊತ್ತಾಗುತ್ತದೆ, ಅದನ್ನು ಕೂಡಿಸುತ್ತಾ ಹೋದರೆ ಎಲ್ಲಿದ್ದೇವೆ ಗೊತ್ತಾಗುತ್ತದೆ. ಸೆನ್ಸರಿನೊಳಗೆ ಒಂದು ಪುಟ್ಟ ದ್ರವ್ಯರಾಶಿ ನಿಂತ ಪ್ರಯಾಣಿಕನ ಕೆಲಸ ಮಾಡುತ್ತದೆ. ನಿಮ್ಮ ಫೋನಿನಲ್ಲೂ ಅಂಥದ್ದೊಂದು ಇದೆ, ಸ್ಕ್ರೀನ್ ತಿರುಗುವುದು ಅದರಿಂದ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ರನ್‌ವೇ ಇರುವುದು ಖಾಲಿ ಜಾಗದಲ್ಲಲ್ಲ. ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ, ಬಿಎಆರ್‌ಸಿಗಳಿಗೆ ಚಳ್ಳಕೆರೆ ತಾಲ್ಲೂಕಿನಲ್ಲಿ ಹೋದದ್ದು ಸಾವಿರಾರು ಎಕರೆ ಅಮೃತಮಹಲ್ ಕಾವಲು, ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಸುತ್ತಲ ಹಳ್ಳಿಯವರು ವಿರೋಧಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ತಾತನ ನೆಂಟರಲ್ಲೂ ಕುರಿ ಮಾರಿದವರಿದ್ದಾರೆ. ವಿಡಿಯೋ ನೋಡಿ ಚಪ್ಪಾಳೆ ಹೊಡೆಯುವ ನಮಗೆ ಬೇಲಿ ಕಾಣುವುದಿಲ್ಲ, ಅವರಿಗೆ ಬೇಲಿ ಮಾತ್ರ ಕಾಣುತ್ತದೆ. ಬೇಲಿಯೊಳಗೆ ಏನು ನಡೆಯುತ್ತಿದೆ ಅಂತ ಕೇಳಿದವರಿಗೆ ‘ಇನರ್ಷಿಯಾ’ ಅಂದು ಸುಮ್ಮನಾಗೋದು ನಮಗಂತೂ ನಾಚಿಕೆ ಅನ್ನಿಸಿತು.

ಇನ್ನು ಬಾಕಿ ಎಷ್ಟಿದೆ? ಕಕ್ಷೆಯಿಂದ ಬರುವ ವಾಹನದ ವೇಗ ಗಂಟೆಗೆ 27,000 ಕಿ.ಮೀ. ದಾಟಿರುತ್ತದೆ, ಚಳ್ಳಕೆರೆಯಲ್ಲಿ ನೆಲ ಮುಟ್ಟಿದ್ದು 320. ವೇಗದಲ್ಲಿ 85 ಪಟ್ಟು, ಶಕ್ತಿ ವೇಗದ ವರ್ಗದ ಮೇಲೆ ಹೋಗುವುದರಿಂದ ಅದರಲ್ಲಿ ಏಳು ಸಾವಿರ ಪಟ್ಟು. ರನ್‌ವೇಗೆ ಉಳಿಯುವುದು ಆ ಏಳು ಸಾವಿರದಲ್ಲಿ ಒಂದು ಪಾಲು ಮಾತ್ರ, ಲಾಳಿ ಕೊನೆಗೆ ಕೈಗೆ ಸಿಗುವ ಆ ಕ್ಷಣ. ಅದನ್ನು ಮೂರು ಸಲ ಹಿಡಿದಾಗಿದೆ. ಮೇಲಿನದನ್ನೆಲ್ಲ ಕಕ್ಷೆಯಿಂದಲೇ ಇಳಿಸಿ ನೋಡುವುದು ಇಸ್ರೋದ ಮುಂದಿನ ಹೆಜ್ಜೆ.

ಹೊರಡುವಾಗ ತಾತ ಇನ್ನೊಂದು ಕೇಳಿದರು: “ಅದರ ಓಟ ಎಲ್ಲಾ ಭೂಮಿಗೆ ಹೋಯ್ತು ಅಂತೀರಲ್ಲ, ಹಂಗಾದ್ರೆ ಭೂಮಿ ಒಂಚೂರಾದ್ರೂ ಅಲ್ಲಾಡ್ತಾ?” ಬಸ್ಸಿನಲ್ಲಿ ಲೆಕ್ಕ ಹಾಕಿದೆವು. ಒಂದು ಟನ್ನಿನ ವಸ್ತು 320 ಕಿ.ಮೀ. ವೇಗದ ಸಂವೇಗವನ್ನೆಲ್ಲ ಭೂಮಿಗೆ ಕೊಟ್ಟರೆ ಭೂಮಿಗೆ ಸಿಗುವ ವೇಗದಲ್ಲಿ, ವಿಶ್ವ ಹುಟ್ಟಿದ ದಿನದಿಂದ ಇವತ್ತಿನವರೆಗೆ 1,380 ಕೋಟಿ ವರ್ಷ ಹೋದರೂ ಭೂಮಿ ಒಂದು ಸೆಂಟಿಮೀಟರ್ ಸರಿಯುವುದಿಲ್ಲ. ಅದೂ ನಿವ್ವಳ ಅಲ್ಲ. ಪುಷ್ಪಕ್‌ಗೆ ಆ ಓಟ ಸಿಗುವಾಗ ಗಾಳಿಯೂ ಭೂಮಿಯೂ ಅಷ್ಟೇ ಸಂವೇಗ ಉಲ್ಟಾ ದಿಕ್ಕಿಗೆ ಪಡೆದಿದ್ದವು, ನಿಂತಾಗ ಎರಡೂ ಸರಿಹೋಯಿತು. ಗೆಳೆಯ ಅಲ್ಲಿಂದಲೇ ಫೋನ್ ಮಾಡಿ, ಪೂರ್ತಿ ಕನ್ನಡದಲ್ಲಿ, ತಾತನಿಗೆ ಇದನ್ನು ಹೇಳಿದ. ‘ಸಂವೇಗ’ ಅನ್ನುವ ಪದ ಮಾತ್ರ ತಂಗಿಯನ್ನು ಕೇಳಿಕೊಂಡ.